ಬೂಟೆಬಲ್ ಪೆನ್‌ಡ್ರೈವ್ ಅಥವಾ ಡಿವಿಡಿಯಿಂದ ಡಿಸ್ಕ್ ಪಾರ್ಟಿಷನ್, ಫಾರ್ಮ್ಯಾಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಹಾಕುವವರಿಗೆ, ವಿಂಡೋಸ್ ಹೊಸದಾಗಿ ಹಾಕುವವರಿಗೆ, ವಿಂಡೋಸ್ ಪಕ್ಕದಲ್ಲಿ ಲಿನಕ್ಸೂ ಇರಲಿ ಎನ್ನುವವರಿಗೆ ಬರೆದ ಪುಟ ಇದು. ಬೂಟೆಬಲ್ ಎಂದರೆ ಕಂಪ್ಯೂಟರನ್ನು ಅದರಿಂದಲೇ ಶುರು ಮಾಡಬಹುದಾದದ್ದು; ಪಾರ್ಟಿಷನ್ ಎಂದರೆ ಡಿಸ್ಕನ್ನು ಭಾಗ ಮಾಡುವುದು, ಫಾರ್ಮ್ಯಾಟ್ ಎಂದರೆ ಆ ಭಾಗವನ್ನು ಅಳಿಸಿ ಫೈಲ್ ಇಡಲು ಸಿದ್ಧ ಮಾಡುವುದು. ಮನೆ, ಅಂಗಡಿ, ಸಣ್ಣ ಆಫೀಸಿನ ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಿದೆ. ಈ ಕೆಲಸದಲ್ಲಿ ಡೇಟಾ ಹೋಗುವುದು ಹೆಚ್ಚಾಗಿ ತಪ್ಪು ಡಿಸ್ಕ್ ಆರಿಸಿಕೊಂಡದ್ದರಿಂದ. ಅದಕ್ಕೇ ಡಿಸ್ಕ್ ಗುರುತಿಸುವ ಪ್ರಶ್ನೆಗೆ ಜಾಸ್ತಿ ಜಾಗ ಕೊಟ್ಟಿದೆ; ಬೇರೇನನ್ನು ಬಿಟ್ಟರೂ ಅದೊಂದನ್ನು ಓದಿ. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ, ಹೊಡೆಯುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.

ವಿಂಡೋಸ್ ಒಳಗಿಂದಲೇ ಫಾರ್ಮ್ಯಾಟ್ ಮಾಡಬಹುದಲ್ಲ, ಬೂಟೆಬಲ್ ಯಾಕೆ ಬೇಕು?

ಡಿ, ಇ ಡ್ರೈವ್‌ಗಳನ್ನು, ಪೆನ್‌ಡ್ರೈವನ್ನು ವಿಂಡೋಸ್ ಒಳಗಿಂದಲೇ ಮಾಡಬಹುದು, ಅದಕ್ಕೆ ಬೂಟೆಬಲ್ ಬೇಡ. ಸಿ ಡ್ರೈವ್ ಮಾತು ಬೇರೆ. ವಿಂಡೋಸ್ ತಾನೇ ಅದರ ಮೇಲೆ ಓಡುತ್ತಿರುವಾಗ ಅದನ್ನು ಅಳಿಸಲು ಬಿಡುವುದಿಲ್ಲ, ಅದರ ಶುರುವಿನ ಜಾಗವನ್ನು ಸರಿಸಲೂ ಬಿಡುವುದಿಲ್ಲ. ಹೊರಗಿನ ಪೆನ್‌ಡ್ರೈವ್ ಅಥವಾ ಡಿವಿಡಿಯಿಂದ ಬೂಟ್ ಆದರೆ ಒಳಗಿನ ಡಿಸ್ಕ್ ಪೂರ್ತಿ ಸುಮ್ಮನಿರುತ್ತದೆ, ಏನು ಬೇಕಾದರೂ ಮಾಡಬಹುದು. ವಿಂಡೋಸ್ ಬೂಟೇ ಆಗದಿದ್ದಾಗ, ಹೊಸ ಖಾಲಿ ಡಿಸ್ಕ್ ಹಾಕಿದಾಗ ಅಂತೂ ಬೇರೆ ದಾರಿಯಿಲ್ಲ.

ಶುರು ಮಾಡುವ ಮುಂಚೆ ಏನೇನು ಎತ್ತಿಟ್ಟುಕೊಳ್ಳಬೇಕು?

ಫೋಟೋ, ಡಾಕ್ಯುಮೆಂಟ್ ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಬೇರೆ ಕೆಲವು. ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್ ಎರಡೂ ಸಿ ಡ್ರೈವ್‌ನಲ್ಲೇ ಇರುತ್ತವೆ. ಔಟ್‌ಲುಕ್‌ನ ಪಿಎಸ್‌ಟಿ ಫೈಲ್, ಬ್ರೌಸರ್‌ನ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳೂ ಅಲ್ಲೇ. ಟ್ಯಾಲಿ ಬಳಸುವವರು ಡೇಟಾ ಫೋಲ್ಡರ್ ಎಲ್ಲಿದೆ ಎಂದು ಟ್ಯಾಲಿಯೊಳಗೇ ನೋಡಿ ಖಚಿತ ಮಾಡಿಕೊಳ್ಳಿ. ಹಿಂದಿನವರು ಯಾರೋ ಸಿ ಡ್ರೈವ್‌ನಲ್ಲೇ ಹಾಕಿಟ್ಟಿರುತ್ತಾರೆ, ಈಗಿನವರು ಡಿಯಲ್ಲಿದೆ ಅಂದುಕೊಂಡಿರುತ್ತಾರೆ.

ಡಿಟಿಪಿ ಅಂಗಡಿ, ವಕೀಲರ ಕಚೇರಿ, ಪತ್ರ ಬರಹಗಾರರ ಕಂಪ್ಯೂಟರ್‌ಗಳಲ್ಲಿ ನುಡಿ ಅಥವಾ ಬರಹದ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಬಹಳ ಇರುತ್ತವೆ. ಯೂನಿಕೋಡ್ ಅಲ್ಲದ ಆ ಕಡತಗಳನ್ನು ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಕಡತ ಹಾಳಾಗಿರುವುದಿಲ್ಲ, ಫಾಂಟ್ ಹಾಕಿದರೆ ಸರಿಹೋಗುತ್ತದೆ. ಆದರೆ ಅದೇ ಫಾಂಟ್, ಅದೇ ಆವೃತ್ತಿ ಬೇಕು. ಆದ್ದರಿಂದ ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್ ಫೋಲ್ಡರ್‌ನಿಂದ ಅವುಗಳನ್ನು ಕಾಪಿ ಮಾಡಿಟ್ಟುಕೊಳ್ಳಿ. ಒಬ್ಬ ಬಳಕೆದಾರನಿಗೆ ಮಾತ್ರ ಹಾಕಿದ ಫಾಂಟ್‌ಗಳು ಅಲ್ಲಿ ಇರುವುದಿಲ್ಲ. ಅವು ಆ ಬಳಕೆದಾರನ ಆ್ಯಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್ ಎಂಬ ಸಾಲಿನಲ್ಲಿರುತ್ತವೆ.

ಕಾಪಿ ಆದ ಮೇಲೆ ಆ ಎಕ್ಸ್‌ಟರ್ನಲ್ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ನಾಲ್ಕಾರು ಫೈಲ್ ತೆರೆದು ನೋಡಿ. ಅದೇ ಡಿಸ್ಕಿನ ಡಿ ಡ್ರೈವ್‌ಗೆ ಕಾಪಿ ಮಾಡಿದ್ದನ್ನು ಬ್ಯಾಕಪ್ ಎಂದು ಲೆಕ್ಕ ಹಿಡಿಯಬೇಡಿ. ಪಾರ್ಟಿಷನ್ ಟೇಬಲ್ (ಡಿಸ್ಕಿನ ಯಾವ ಭಾಗ ಎಲ್ಲಿದೆ ಎಂಬ ಪಟ್ಟಿ) ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ.

ಬಿಟ್‌ಲಾಕರ್ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಅದರಿಂದ ಏನು ತೊಂದರೆ?

ಬಿಟ್‌ಲಾಕರ್ ಎಂದರೆ ಕೀ ಇಲ್ಲದೆ ಓದಲಾಗದಂತೆ ಡಿಸ್ಕಿನ ಡೇಟಾವನ್ನು ಗೂಢಲಿಪಿಗೆ ತಿರುಗಿಸುವ (ಎನ್‌ಕ್ರಿಪ್ಟ್ ಮಾಡುವ) ವಿಂಡೋಸ್ ಸೌಲಭ್ಯ. ನಾವು ಆನ್ ಮಾಡಿಲ್ಲ ಎಂದ ಮಾತ್ರಕ್ಕೆ ಇಲ್ಲ ಎಂದಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ, ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ತಾನಾಗೇ ಆನ್ ಆಗುತ್ತದೆ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಮ್ಯಾನೇಜ್-ಬಿಡಿಇ -ಸ್ಟೇಟಸ್’ ಹೊಡೆದರೆ ಗೊತ್ತಾಗುತ್ತದೆ.

ಆನ್ ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಆಮೇಲಷ್ಟೇ ಬಯಾಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ತಂತ್ರಾಂಶದ ಸೆಟ್ಟಿಂಗ್) ಮುಟ್ಟಿ. ಅದರಲ್ಲಿನ ಸೆಕ್ಯೂರ್ ಬೂಟ್ (ನಂಬಿಕೆಯ ತಂತ್ರಾಂಶದಿಂದ ಮಾತ್ರ ಬೂಟ್ ಆಗಲು ಬಿಡುವ ಕಾವಲು) ಆಫ್ ಮಾಡಿದರೂ ಸಾಕು, ಮುಂದಿನ ಸಲ ವಿಂಡೋಸ್ ಆ ಕೀ ಕೇಳಬಹುದು. ಪಾರ್ಟಿಷನ್ ಗಾತ್ರ ಬದಲಿಸಬೇಕಿದ್ದರೆ ಮೊದಲು ಬಿಟ್‌ಲಾಕರ್ ಪೂರ್ತಿ ಆಫ್ ಮಾಡಿ, ಡಿಕ್ರಿಪ್ಷನ್ ನೂರಕ್ಕೆ ನೂರು ಮುಗಿಯುವವರೆಗೆ ಕಾಯಿರಿ. ಜಿಪಾರ್ಟೆಡ್‌ನಂಥ ಸಾಧನಗಳು ಎನ್‌ಕ್ರಿಪ್ಟ್ ಆದ ಪಾರ್ಟಿಷನ್ನಿನ ಗಾತ್ರ ಬದಲಿಸಲಾರವು. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದಾದರೆ ಕೀ ಬೇಕಿಲ್ಲ, ಆದರೆ ಹಳೇ ಡೇಟಾ ಮತ್ತೆ ಸಿಗುವ ಆಸೆಯನ್ನೂ ಬಿಡಬೇಕು.

ಡಿವಿಡಿ ಒಳ್ಳೆಯದೋ ಪೆನ್‌ಡ್ರೈವೋ? ಅದರಲ್ಲಿ ಯಾವುದನ್ನು ಹಾಕಿಕೊಳ್ಳಬೇಕು?

ಪೆನ್‌ಡ್ರೈವ್. ವಿಂಡೋಸ್ 11ರ ಐಎಸ್‌ಒ (ಇಡೀ ಸೆಟಪ್ ಡಿಸ್ಕಿನ ಪ್ರತಿಯಾದ ಒಂದೇ ಫೈಲ್) 5 ಜಿಬಿ ದಾಟುತ್ತದೆ. ಸಾಮಾನ್ಯ ಡಿವಿಡಿ ಹಿಡಿಸುವುದು 4.7 ಜಿಬಿ. 8.5 ಜಿಬಿಯ ಡ್ಯುಯಲ್ ಲೇಯರ್ ಡಿಸ್ಕ್ ಹುಡುಕಬೇಕಾಗುತ್ತದೆ, ಹಳೇ ರೈಟರ್‌ಗಳು ಅದನ್ನು ಸರಿಯಾಗಿ ಓದುವ ಭರವಸೆಯೂ ಇಲ್ಲ. ಪೆನ್‌ಡ್ರೈವ್ ಕನಿಷ್ಠ 8 ಜಿಬಿ ಇರಲಿ. ಯುಎಸ್‌ಬಿಯಿಂದ ಬೂಟ್ ಆಗದ ತೀರಾ ಹಳೇ ಮೆಷಿನ್‌ಗಳಿಗೆ ಮಾತ್ರ ಸಿಡಿ, ಡಿವಿಡಿ.

ಕೆಲಸ ನೋಡಿಕೊಂಡು ಆರಿಸಿ. ವಿಂಡೋಸ್ ಹಾಕುವುದಿದ್ದರೆ ಮೈಕ್ರೋಸಾಫ್ಟ್‌ನ ಸೆಟಪ್ ಪೆನ್‌ಡ್ರೈವ್ ಸಾಕು, ಪಾರ್ಟಿಷನ್ ಮಾಡುವ ಡಿಸ್ಕ್‌ಪಾರ್ಟ್ ಅದರೊಳಗೇ ಇದೆ. ಇರುವ ಪಾರ್ಟಿಷನ್‌ಗಳನ್ನು ಹಿಗ್ಗಿಸಿ ಕುಗ್ಗಿಸಿ ಸರಿಸಲು ಜಿಪಾರ್ಟೆಡ್ ಲೈವ್. ಇಡೀ ಡಿಸ್ಕನ್ನು ಇನ್ನೊಂದಕ್ಕೆ ಕಾಪಿ ಮಾಡಲು ಕ್ಲೋನ್‌ಜಿಲ್ಲಾ. ಕೆಟ್ಟ ಡಿಸ್ಕಿನಿಂದ ಡೇಟಾ ತೆಗೆಯಲು ಸಿಸ್ಟಮ್‌ರೆಸ್ಕ್ಯೂ. ಇವೆಲ್ಲ ಉಚಿತ. ಒಂದೇ 32 ಜಿಬಿ ಪೆನ್‌ಡ್ರೈವ್‌ಗೆ ವೆಂಟಾಯ್ ಹಾಕಿಕೊಂಡರೆ ಎಲ್ಲ ಐಎಸ್‌ಒಗಳನ್ನೂ ಸುಮ್ಮನೆ ಕಾಪಿ ಮಾಡಿ ಬೂಟ್ ಆಗುವಾಗ ಪಟ್ಟಿಯಿಂದ ಆರಿಸಬಹುದು. ರಿಪೇರಿ ಮಾಡುವವರ ಜೇಬಿನಲ್ಲಿ ಇದು ಇರಲೇಬೇಕು.

ಐಎಸ್‌ಒ ಫೈಲನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ, ಬೂಟ್ ಆಗುತ್ತಿಲ್ಲ.

ವೆಂಟಾಯ್ ಬಿಟ್ಟರೆ ಬೇರೆಲ್ಲೂ ಬರೀ ಕಾಪಿ ನಡೆಯುವುದಿಲ್ಲ. ಪೆನ್‌ಡ್ರೈವ್‌ಗೆ ರೂಫಸ್‌ನಂಥ ಸಾಧನದಿಂದ ಬರೆಯಬೇಕು, ಡಿವಿಡಿಗೆ ‘ಬರ್ನ್ ಡಿಸ್ಕ್ ಇಮೇಜ್’ ಆಯ್ಕೆಯಿಂದ ಬರೆಯಬೇಕು. ಬರೆದ ಡಿವಿಡಿ ತೆರೆದಾಗ ಒಳಗೆ ಒಂದೇ ಒಂದು ಐಎಸ್‌ಒ ಫೈಲ್ ಕಂಡರೆ ಅದು ಡೇಟಾ ಡಿಸ್ಕ್ ಆಗಿದೆ, ಬೂಟ್ ಡಿಸ್ಕ್ ಅಲ್ಲ. ಬರೆಯುವ ವೇಗವನ್ನು 4 ಅಥವಾ 8 ಎಕ್ಸ್‌ಗೆ ಇಳಿಸಿ, ಕೊನೆಯಲ್ಲಿ ವೆರಿಫೈಗೆ ಟಿಕ್ ಹಾಕಿ. ಅಗ್ಗದ ಡಿಸ್ಕ್‌ಗೆ ಪೂರ್ತಿ ವೇಗದಲ್ಲಿ ಬರೆದರೆ ಸೆಟಪ್ ಅರ್ಧದಲ್ಲಿ ಫೈಲ್ ಸಿಗಲಿಲ್ಲ ಎಂದು ನಿಲ್ಲುತ್ತದೆ.

ರೂಫಸ್‌ನಲ್ಲಿ ಪಾರ್ಟಿಷನ್ ಸ್ಕೀಮ್ ಎಂಬುದನ್ನು ನೋಡಿ. 2012ರ ಈಚಿನ ಮೆಷಿನ್‌ಗಳಿಗೆ ಸಾಮಾನ್ಯವಾಗಿ ಜಿಪಿಟಿ ಮತ್ತು ಯುಇಎಫ್‌ಐ, ಅದಕ್ಕೂ ಹಳೆಯವಕ್ಕೆ ಎಂಬಿಆರ್ ಮತ್ತು ಬಯಾಸ್. ಜಿಪಿಟಿ, ಎಂಬಿಆರ್ ಎಂದರೆ ಪಾರ್ಟಿಷನ್ ಟೇಬಲ್ ಬರೆಯುವ ಹೊಸ, ಹಳೇ ಪದ್ಧತಿಗಳು; ಯುಇಎಫ್‌ಐ ಎಂದರೆ ಹಳೇ ಬಯಾಸ್‌ನ ಜಾಗಕ್ಕೆ ಬಂದ ಹೊಸ ಬಗೆ. ಇದು ಅದಲುಬದಲಾದರೆ ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಕಾಣಿಸದೆಯೇ ಹೋಗಬಹುದು. ಇನ್ನೊಂದು: ವಿಂಡೋಸ್ ಡಿವಿಡಿಯಿಂದ ಬೂಟ್ ಆಗುವಾಗ ಯಾವುದಾದರೂ ಕೀ ಒತ್ತಿ ಎಂಬ ಸಾಲು ಕೆಲವೇ ಸೆಕೆಂಡ್ ಇರುತ್ತದೆ. ಒತ್ತದಿದ್ದರೆ ಹಳೇ ಡಿಸ್ಕಿನಿಂದಲೇ ಬೂಟ್ ಆಗುತ್ತದೆ, ಡಿವಿಡಿ ಕೆಟ್ಟಿದೆ ಅಂದುಕೊಳ್ಳುತ್ತೇವೆ.

ಬೂಟ್ ಮೆನುಗೆ ಯಾವ ಕೀ?

ಡೆಲ್‌ಗೆ ಎಫ್12. ಎಚ್‌ಪಿಗೆ ಎಸ್ಕೇಪ್ ಒತ್ತಿ ಆಮೇಲೆ ಎಫ್9. ಲೆನೊವೊ ಥಿಂಕ್‌ಪ್ಯಾಡ್‌ಗೆ ಎಫ್12. ಐಡಿಯಾಪ್ಯಾಡ್‌ಗಳಲ್ಲಿ ಹೆಚ್ಚಾಗಿ ಪಕ್ಕದಲ್ಲಿ ನೋವೊ ಎಂಬ ಸಣ್ಣ ತೂತು ಇರುತ್ತದೆ, ಆಫ್ ಆಗಿರುವಾಗ ಪಿನ್ನಿನಿಂದ ಒತ್ತಬೇಕು. ಏಸಸ್ ಲ್ಯಾಪ್‌ಟಾಪ್‌ಗೆ ಎಸ್ಕೇಪ್, ಏಸಸ್ ಮದರ್‌ಬೋರ್ಡ್‌ಗೆ ಎಫ್8. ಏಸರ್‌ಗೆ ಎಫ್12, ಆದರೆ ಅನೇಕ ಮಾದರಿಗಳಲ್ಲಿ ಮೊದಲು ಎಫ್2 ಒತ್ತಿ ಬಯಾಸ್‌ಗೆ ಹೋಗಿ ಆ ಮೆನುವನ್ನು ಆನ್ ಮಾಡಬೇಕು. ಗಿಗಾಬೈಟ್ ಬೋರ್ಡ್‌ಗೆ ಎಫ್12, ಎಂಎಸ್‌ಐಗೆ ಎಫ್11. ಕೀ ಹಿಡಿಯಲು ಸಮಯವೇ ಸಿಗದಿದ್ದರೆ ವಿಂಡೋಸ್‌ನಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಕೊಡಿ, ‘ಯೂಸ್ ಎ ಡಿವೈಸ್’ ಎಂದು ಬರುತ್ತದೆ.

ಎರಡು ಮೂರು ಡಿಸ್ಕ್ ಇದ್ದಾಗ ಅಳಿಸಬೇಕಾದದ್ದು ಯಾವುದು ಎಂದು ಹೇಗೆ ಖಚಿತ ಮಾಡಿಕೊಳ್ಳುವುದು?

ಮೊದಲ ನಿಯಮ: ಬೇಡದ ಡಿಸ್ಕನ್ನು ಬಿಚ್ಚಿಡಿ. ಎಕ್ಸ್‌ಟರ್ನಲ್ ಡಿಸ್ಕ್, ಮೆಮೊರಿ ಕಾರ್ಡ್ ಎಲ್ಲ ತೆಗೆದಿಡಿ. ಡೆಸ್ಕ್‌ಟಾಪ್ ಆದರೆ ಪವರ್ ಆಫ್ ಮಾಡಿ, ಡೇಟಾ ಇರುವ ಡಿಸ್ಕಿನ ಸಾಟಾ ಕೇಬಲ್ ಕಳಚಿ. ಎರಡು ನಿಮಿಷದ ಕೆಲಸ. ಇದರಿಂದ ಇನ್ನೊಂದು ಲಾಭವೂ ಇದೆ: ಎರಡು ಡಿಸ್ಕ್ ಇರುವಾಗ ವಿಂಡೋಸ್ ಸೆಟಪ್ ಕೆಲವೊಮ್ಮೆ ಬೂಟ್ ಫೈಲ್‌ಗಳನ್ನು ಹಳೇ ಡಿಸ್ಕಿನಲ್ಲೇ ಇಡುತ್ತದೆ, ಆಮೇಲೆ ಆ ಹಳೇ ಡಿಸ್ಕ್ ತೆಗೆದ ದಿನ ಹೊಸ ಎಸ್‌ಎಸ್‌ಡಿಯೂ ಬೂಟ್ ಆಗುವುದಿಲ್ಲ.

ಬಿಚ್ಚಲು ಆಗದ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಅಕ್ಷರವನ್ನು ನಂಬಬೇಡಿ. ಪೆನ್‌ಡ್ರೈವ್‌ನಿಂದ ಬೂಟ್ ಆದಾಗ ಅಕ್ಷರಗಳನ್ನು ಹೊಸದಾಗಿ ಹಂಚಲಾಗುತ್ತದೆ. ವಿಂಡೋಸ್‌ನಲ್ಲಿ ಸಿ ಆಗಿದ್ದದ್ದು ಇಲ್ಲಿ ಡಿ ಆಗಿರಬಹುದು. ಕಮಾಂಡ್ ಪ್ರಾಂಪ್ಟ್‌ನ ಕಪ್ಪು ಕಿಟಕಿಯಲ್ಲಿ ‘ಫಾರ್ಮ್ಯಾಟ್ ಡಿ:’ ಎಂದು ಹೊಡೆದು ಸಂಸಾರದ ಫೋಟೋಗಳೆಲ್ಲ ಹೋಗುವುದು ಹೀಗೇ. ಡಿಸ್ಕ್ ನಂಬರನ್ನೂ ನಂಬಬೇಡಿ. ನಿನ್ನೆ ಡಿಸ್ಕ್ 0 ಆಗಿದ್ದದ್ದು ಇವತ್ತು ಪೆನ್‌ಡ್ರೈವ್ ಚುಚ್ಚಿದ ಮೇಲೆ ಡಿಸ್ಕ್ 1 ಆಗಬಹುದು. ಲಿನಕ್ಸ್‌ನಲ್ಲಿ ಎಸ್‌ಡಿಎ, ಎಸ್‌ಡಿಬಿ ಹೆಸರುಗಳ ಕಥೆಯೂ ಅಷ್ಟೇ.

ನಂಬಬೇಕಾದದ್ದು ಗಾತ್ರ ಮತ್ತು ಮಾಡೆಲ್. ಡಿಸ್ಕ್‌ಪಾರ್ಟ್‌ನಲ್ಲಿ ‘ಲಿಸ್ಟ್ ಡಿಸ್ಕ್’ ಕೊಟ್ಟರೆ ಗಾತ್ರ ಸಿಗುತ್ತದೆ, ‘ಸೆಲೆಕ್ಟ್ ಡಿಸ್ಕ್’ ಆದ ಮೇಲೆ ‘ಡೀಟೇಲ್ ಡಿಸ್ಕ್’ ಕೊಟ್ಟರೆ ಮಾಡೆಲ್ ಹೆಸರು, ಅದರಲ್ಲಿರುವ ವಾಲ್ಯೂಮ್‌ಗಳು, ಅವುಗಳ ಲೇಬಲ್ ಕಾಣುತ್ತವೆ. ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಬಿಎಲ್‌ಕೆ -ಒ ನೇಮ್,ಸೈಜ್,ಮಾಡೆಲ್,ಸೀರಿಯಲ್’ ಕೊಟ್ಟರೆ ಸೀರಿಯಲ್ ನಂಬರ್ ಸಹ ಬರುತ್ತದೆ. ಅದನ್ನು ಡಿಸ್ಕಿನ ಮೇಲಿನ ಸ್ಟಿಕ್ಕರ್ ಜೊತೆ ಹೋಲಿಸಿ. ಒಂದೇ ಗಾತ್ರದ, ಒಂದೇ ಕಂಪನಿಯ ಎರಡು ಡಿಸ್ಕ್ ಇದ್ದರೆ ಸೀರಿಯಲ್ ನಂಬರ್ ಒಂದೇ ಗತಿ. ವಿಂಡೋಸ್ ಸರಿಯಾಗಿ ಓಡುತ್ತಿರುವಾಗಲೇ ಪ್ರತಿ ಪಾರ್ಟಿಷನ್‌ಗೂ ಅರ್ಥವಾಗುವ ಲೇಬಲ್ ಕೊಟ್ಟಿಟ್ಟರೆ ಈ ಹಂತ ಬಹಳ ಸುಲಭ. ‘ನ್ಯೂ ವಾಲ್ಯೂಮ್’ ಎಂದೇ ಮೂರಿದ್ದರೆ ಯಾರಿಗೆ ಏನು ತಿಳಿಯಬೇಕು?

ಎಂಬಿಆರ್, ಜಿಪಿಟಿ ಯಾವುದನ್ನು ಆರಿಸಲಿ?

ಯುಇಎಫ್‌ಐ ಇರುವ ಮೆಷಿನ್ ಆದರೆ ಕಣ್ಣು ಮುಚ್ಚಿ ಜಿಪಿಟಿ. ಎಂಬಿಆರ್ 1983ರಿಂದ ಇರುವ ಪದ್ಧತಿ. ನಾಲ್ಕೇ ಪ್ರೈಮರಿ ಪಾರ್ಟಿಷನ್; ಸೆಕ್ಟರ್ (ಡಿಸ್ಕಿನ ಸಣ್ಣ ತುಣುಕು) ಲೆಕ್ಕ 32 ಬಿಟ್ ಆದ್ದರಿಂದ 512 ಬೈಟ್ ಸೆಕ್ಟರಿನ ಡಿಸ್ಕಿನಲ್ಲಿ 2 ಟಿಬಿ ಆಚೆಗಿನ ಜಾಗ ಅದಕ್ಕೆ ಸಿಗುವುದಿಲ್ಲ. 4 ಟಿಬಿ ಡಿಸ್ಕಿನಲ್ಲಿ ಅರ್ಧ ಜಾಗ ಬಳಸಲಾಗದೆ ಉಳಿಯುವುದು ಇದೇ ಕಾರಣಕ್ಕೆ. ವಿಂಡೋಸ್‌ನಲ್ಲಿ ಜಿಪಿಟಿಗೆ 128 ಪಾರ್ಟಿಷನ್‌ವರೆಗೆ ಜಾಗ, ಜೊತೆಗೆ ಟೇಬಲಿನ ಒಂದು ನಕಲು ಡಿಸ್ಕಿನ ಕೊನೆಯಲ್ಲಿ ಇರುತ್ತದೆ. ಶುರುವಿನ ಸೆಕ್ಟರ್‌ಗಳು ಹಾಳಾದರೂ ಆ ನಕಲಿನಿಂದ ಎದ್ದೇಳಬಹುದು. ಎಂಬಿಆರ್ ಬೇಕಾಗುವುದು ಯುಇಎಫ್‌ಐ ಇಲ್ಲದ ಹಳೇ ಕಂಪ್ಯೂಟರ್‌ಗೆ, ಅಥವಾ ಟಿವಿ, ಕಾರ್ ಸ್ಟೀರಿಯೊಗಳಿಗೆ ಚುಚ್ಚುವ ಪೆನ್‌ಡ್ರೈವ್‌ಗೆ.

ವಿಂಡೋಸ್ ಸೆಟಪ್ ಪೆನ್‌ಡ್ರೈವ್‌ನಿಂದ ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಮಾಡುವ ಕ್ರಮ ಹೇಳಿ.

ಸೆಟಪ್‌ನ ಮೊದಲ ಪರದೆ, ಅಂದರೆ ಭಾಷೆ ಕೇಳುವಲ್ಲಿ, ಶಿಫ್ಟ್ ಹಿಡಿದು ಎಫ್10 ಒತ್ತಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಜೊತೆಗೆ ಎಫ್‌ಎನ್ ಕೀಯನ್ನೂ ಹಿಡಿಯಬೇಕು. ಕಪ್ಪು ಕಿಟಕಿ ತೆರೆದ ಮೇಲೆ ಒಂದೊಂದು ಸಾಲಿಗೂ ಎಂಟರ್ ಒತ್ತುತ್ತಾ ಹೋಗಿ:

ಡಿಸ್ಕ್‌ಪಾರ್ಟ್
ಲಿಸ್ಟ್ ಡಿಸ್ಕ್
ಸೆಲೆಕ್ಟ್ ಡಿಸ್ಕ್ 0
ಡೀಟೇಲ್ ಡಿಸ್ಕ್
ಕ್ಲೀನ್
ಕನ್ವರ್ಟ್ ಜಿಪಿಟಿ
ಎಕ್ಸಿಟ್

ಇಲ್ಲಿ 0 ಬದಲು ನಿಮ್ಮ ಡಿಸ್ಕಿನ ನಂಬರ್ ಹಾಕಿ. ‘ಡೀಟೇಲ್ ಡಿಸ್ಕ್’ ಸಾಲಿನಲ್ಲಿ ನಿಂತು ಮಾಡೆಲ್ ಓದಿ. ‘ಕ್ಲೀನ್’ ಹೊಡೆದರೆ ಖಚಿತವೇ ಎಂದು ಅದು ಕೇಳುವುದಿಲ್ಲ, ಕ್ಷಣದಲ್ಲಿ ಪಾರ್ಟಿಷನ್ ಟೇಬಲ್ ಅಳಿಸುತ್ತದೆ. ‘ಕನ್ವರ್ಟ್ ಜಿಪಿಟಿ’ ಆದ ಮೇಲೆ, ‘ಎಕ್ಸಿಟ್’ಗೆ ಮುಂಚೆ, ಮತ್ತೆ ‘ಲಿಸ್ಟ್ ಡಿಸ್ಕ್’ ಕೊಟ್ಟರೆ ಕೊನೆಯ ಜಿಪಿಟಿ ಕಾಲಂನಲ್ಲಿ ನಕ್ಷತ್ರ ಚಿಹ್ನೆ ಕಾಣಬೇಕು.

ಕಿಟಕಿ ಮುಚ್ಚಿ ಸೆಟಪ್ ಮುಂದುವರಿಸಿ. ಡಿಸ್ಕ್ ಪಟ್ಟಿಯಲ್ಲಿ ‘ಅನ್‌ಅಲೊಕೇಟೆಡ್’ ಜಾಗ ಆರಿಸಿ ನೆಕ್ಸ್ಟ್ ಒತ್ತಿದರೆ 100 ಎಂಬಿಯ ಇಎಫ್‌ಐ (ಬೂಟ್ ಫೈಲ್‌ಗಳದ್ದು), 16 ಎಂಬಿಯ ಎಂಎಸ್‌ಆರ್ (ವಿಂಡೋಸ್ ತನಗೆಂದು ಕಾಯ್ದಿರಿಸಿಕೊಳ್ಳುವುದು), ವಿಂಡೋಸ್ ಮತ್ತು ಕೊನೆಗೆ ರಿಕವರಿ ಪಾರ್ಟಿಷನ್‌ಗಳನ್ನು ಅದೇ ಮಾಡಿಕೊಳ್ಳುತ್ತದೆ. ಸಿ ಡ್ರೈವ್ ಇಷ್ಟೇ ಇರಲಿ ಎಂದಿದ್ದರೆ ‘ನ್ಯೂ’ ಒತ್ತಿ ಎಂಬಿ ಲೆಕ್ಕದಲ್ಲಿ ಕೊಡಿ: 200 ಜಿಬಿಗೆ 204800. ಆ ಚಿಕ್ಕ ಚಿಕ್ಕ ಪಾರ್ಟಿಷನ್‌ಗಳು ಅನಾವಶ್ಯಕ ಎಂದು ಅಳಿಸಬೇಡಿ. ಇಎಫ್‌ಐ ಹೋದರೆ ವಿಂಡೋಸ್ ಪೂರ್ತಿ ಇದ್ದರೂ ಬೂಟ್ ಆಗುವುದಿಲ್ಲ.

ಬರೀ ಡೇಟಾ ಡಿಸ್ಕ್ ಆದರೆ ‘ಕನ್ವರ್ಟ್ ಜಿಪಿಟಿ’ ಆದ ಮೇಲೆ ‘ಕ್ರಿಯೇಟ್ ಪಾರ್ಟಿಷನ್ ಪ್ರೈಮರಿ’, ‘ಫಾರ್ಮ್ಯಾಟ್ ಎಫ್‌ಎಸ್=ಎನ್‌ಟಿಎಫ್‌ಎಸ್ ಕ್ವಿಕ್’, ‘ಅಸೈನ್’ ಈ ಮೂರು ಸಾಕು.

ಸೆಟಪ್‌ನಲ್ಲಿ ಡಿಸ್ಕೇ ಕಾಣುತ್ತಿಲ್ಲ. ಎಸ್‌ಎಸ್‌ಡಿ ಸತ್ತಿದೆಯೇ?

ಬಯಾಸ್‌ನಲ್ಲಿ ಹೆಸರು ಕಾಣುತ್ತಿದ್ದರೆ ಸತ್ತಿರುವ ಸಾಧ್ಯತೆ ಕಡಿಮೆ. ಇಂಟೆಲ್ 11ನೇ ಪೀಳಿಗೆ ಮತ್ತು ನಂತರದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ವಿಎಂಇ (ಸಾಟಾಕ್ಕಿಂತ ವೇಗದ ಬಗೆಯ) ಎಸ್‌ಎಸ್‌ಡಿ ವಿಎಂಡಿ ಎಂಬ ಕಂಟ್ರೋಲರ್ ಹಿಂದೆ ಕೂತಿರುತ್ತದೆ, ಸೆಟಪ್‌ನಲ್ಲಿ ಅದರ ಡ್ರೈವರ್ ಇಲ್ಲದಿರಬಹುದು. ತಯಾರಕರ ಸೈಟ್‌ನಿಂದ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ ತಂದು, ಬಿಚ್ಚಿ, ಐಎನ್‌ಎಫ್ ಫೈಲ್ ಇರುವ ಫೋಲ್ಡರನ್ನು ಅದೇ ಪೆನ್‌ಡ್ರೈವ್‌ಗೆ ಹಾಕಿ ‘ಲೋಡ್ ಡ್ರೈವರ್’ ಒತ್ತಿದರೆ ಡಿಸ್ಕ್ ಕಾಣುತ್ತದೆ. ಇಎಕ್ಸ್‌ಇ ಫೈಲನ್ನೇ ಹಾಗೆ ಇಟ್ಟರೆ ಅದಕ್ಕೆ ಸಿಗುವುದಿಲ್ಲ. ಬಯಾಸ್‌ನಲ್ಲಿ ವಿಎಂಡಿ ಆಫ್ ಮಾಡುವುದು ಇನ್ನೊಂದು ದಾರಿ, ಆದರೆ ಈಗಾಗಲೇ ಇರುವ ವಿಂಡೋಸ್ ಆಗ ಬೂಟ್ ಆಗದೆ ಹೋಗಬಹುದು. ಡಿಸ್ಕ್ ಪೂರ್ತಿ ಅಳಿಸುವಾಗ ಮಾತ್ರ ಈ ದಾರಿ ಹಿಡಿಯಿರಿ.

ಈ ಡಿಸ್ಕಿನಲ್ಲಿ ಎಂಬಿಆರ್ ಟೇಬಲ್ ಇದೆ, ವಿಂಡೋಸ್ ಹಾಕಲಾಗದು ಎನ್ನುತ್ತದೆ.

ಪೆನ್‌ಡ್ರೈವ್ ಯುಇಎಫ್‌ಐನಲ್ಲಿ ಬೂಟ್ ಆಗಿದೆ, ಡಿಸ್ಕ್ ಮಾತ್ರ ಹಳೇ ಪದ್ಧತಿಯಲ್ಲಿದೆ. ಡೇಟಾ ಬೇಡವಾದರೆ ಮೇಲಿನ ‘ಕ್ಲೀನ್’, ‘ಕನ್ವರ್ಟ್ ಜಿಪಿಟಿ’ ಸಾಕು. ಇರುವ ವಿಂಡೋಸ್, ಡೇಟಾ ಎರಡೂ ಉಳಿಯಬೇಕಾದರೆ ಅದೇ ಕಪ್ಪು ಕಿಟಕಿಯಲ್ಲಿ ‘ಎಂಬಿಆರ್2ಜಿಪಿಟಿ /ವ್ಯಾಲಿಡೇಟ್ /ಡಿಸ್ಕ್:0’ ಕೊಡಿ. ಸರಿ ಎಂದರೆ ‘/ವ್ಯಾಲಿಡೇಟ್’ ಜಾಗದಲ್ಲಿ ‘/ಕನ್ವರ್ಟ್’ ಹಾಕಿ. ಮುಗಿದ ಮೇಲೆ ಬಯಾಸ್‌ನಲ್ಲಿ ಬೂಟ್ ಮೋಡನ್ನು ಲೆಗಸಿಯಿಂದ (ಹಳೇ ಬಗೆ) ಯುಇಎಫ್‌ಐಗೆ ಬದಲಿಸಬೇಕು.

ನಮ್ಮ ಕಡೆಯ ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಈ ವ್ಯಾಲಿಡೇಟ್ ಸೋಲುವುದೇ ಜಾಸ್ತಿ. ಸಿ, ಡಿ, ಇ, ಎಫ್ ಎಂದು ನಾಲ್ಕು ಭಾಗ ಮಾಡುವ ರೂಢಿಯಿಂದ ಎಕ್ಸ್‌ಟೆಂಡೆಡ್ ಪಾರ್ಟಿಷನ್ (ತನ್ನೊಳಗೆ ಇನ್ನಷ್ಟು ಭಾಗ ಹಿಡಿಸುವ ಪಾರ್ಟಿಷನ್) ಒಳಗೆ ಲಾಜಿಕಲ್ ಡ್ರೈವ್‌ಗಳು ಇರುತ್ತವೆ. ಈ ಸಾಧನ ಅದನ್ನು ಒಪ್ಪುವುದಿಲ್ಲ, ಪ್ರೈಮರಿಗಳೂ ಮೂರಕ್ಕಿಂತ ಹೆಚ್ಚು ಇರುವಂತಿಲ್ಲ. ಆಗ ಡೇಟಾ ಹೊರಗೆ ತೆಗೆದು ಹೊಸದಾಗಿ ಮಾಡುವುದೇ ನೇರ ದಾರಿ.

ಸಿ ಡ್ರೈವ್ ಎಷ್ಟು ಇಡಬೇಕು?

256 ಜಿಬಿ ಎಸ್‌ಎಸ್‌ಡಿಯನ್ನು ಭಾಗ ಮಾಡಲೇಬೇಡಿ, ಪೂರ್ತಿ ಸಿ ಇರಲಿ. 60 ಜಿಬಿ ಸಿ ಮಾಡಿಟ್ಟು ವರ್ಷದೊಳಗೆ ಅಪ್‌ಡೇಟ್‌ಗೆ ಜಾಗ ಸಾಲದೆ ಒದ್ದಾಡುವ ಕಂಪ್ಯೂಟರ್‌ಗಳು ಬೇಕಾದಷ್ಟಿವೆ. 512 ಜಿಬಿ ಆದರೆ ಸಿಗೆ 200, ಉಳಿದದ್ದು ಡಿ. ಎಸ್‌ಎಸ್‌ಡಿ ಜೊತೆ ಹಾರ್ಡ್ ಡಿಸ್ಕೂ ಇದ್ದರೆ ವಿಂಡೋಸ್ ಮತ್ತು ತಂತ್ರಾಂಶ ಎಸ್‌ಎಸ್‌ಡಿಯಲ್ಲಿ, ಫೋಟೋ ವಿಡಿಯೋ ಹಾರ್ಡ್ ಡಿಸ್ಕಿನಲ್ಲಿ.

1 ಟಿಬಿ ಕೊಂಡರೆ 931 ಜಿಬಿ ಕಾಣುತ್ತದೆ, ಮೋಸವೇ?

ಅಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಹೇಳುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ತೋರಿಸುತ್ತದೆ. 512 ಜಿಬಿ 476 ಆಗಿಯೂ 256 ಜಿಬಿ 238 ಆಗಿಯೂ ಕಾಣಬೇಕು. ಡಿಸ್ಕ್ ಗುರುತಿಸುವಾಗ ಈ ಅಂಕಿಗಳು ನೆನಪಿರಲಿ.

ಡೇಟಾ ಹೋಗದೆ ಸಿ ಡ್ರೈವ್ ದೊಡ್ಡದು ಮಾಡುವುದು ಹೇಗೆ? ಡಿಯಲ್ಲಿ ಜಾಗ ಖಾಲಿ ಇದೆ, ‘ಎಕ್ಸ್‌ಟೆಂಡ್’ ಮಾತ್ರ ಬೂದು ಬಣ್ಣದಲ್ಲಿದೆ.

ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಖಾಲಿ ಜಾಗ ಸಿಯ ಬಲ ಪಕ್ಕಕ್ಕೇ ತಾಗಿಕೊಂಡಿರಬೇಕು. ಡಿಯನ್ನು ಕುಗ್ಗಿಸಿದರೆ ಜಾಗ ಸಿಗುವುದು ಡಿಯ ಬಲಕ್ಕೆ, ಸಿಗೂ ಅದಕ್ಕೂ ನಡುವೆ ಡಿ ಇಡೀ ಕೂತಿರುತ್ತದೆ. ಸಾಲದ್ದಕ್ಕೆ ಸಿಯ ಪಕ್ಕದಲ್ಲೇ 500, 600 ಎಂಬಿಯ ರಿಕವರಿ ಪಾರ್ಟಿಷನ್ ಅಡ್ಡ ಇರುತ್ತದೆ. ಇದಕ್ಕೆ ಜಿಪಾರ್ಟೆಡ್ ಲೈವ್ ಬೇಕು.

ಮೊದಲು ವಿಂಡೋಸ್‌ನಲ್ಲಿ ಅಡ್ಮಿನ್ ಆಗಿ ‘ಪವರ್‌ಸಿಎಫ್‌ಜಿ /ಎಚ್ ಆಫ್’ ಕೊಡಿ, ಇದರಿಂದ ಫಾಸ್ಟ್ ಸ್ಟಾರ್ಟಪ್ ಆಫ್ ಆಗುತ್ತದೆ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕಿನ ಫೈಲ್ ವ್ಯವಸ್ಥೆ) ಅರ್ಧ ತೆರೆದ ಸ್ಥಿತಿಯಲ್ಲೇ ಉಳಿಯುತ್ತದೆ, ಜಿಪಾರ್ಟೆಡ್ ಅಂಥದ್ದನ್ನು ಮುಟ್ಟುವುದಿಲ್ಲ. ‘ಸಿಎಚ್‌ಕೆಡಿಎಸ್‌ಕೆ ಸಿ: /ಎಫ್’ ಕೊಟ್ಟು ರೀಸ್ಟಾರ್ಟ್ ಮಾಡಿ ತಪಾಸಣೆ ಮುಗಿಸಿ. ಡಿಗೂ ಅದೇ.

ಜಿಪಾರ್ಟೆಡ್ ಬೂಟ್ ಆಗುವಾಗ ಕೀಬೋರ್ಡ್, ಭಾಷೆ, ಪರದೆ ಎಂದು ಮೂರು ಸಲ ಕೇಳುತ್ತದೆ, ಮೂರಕ್ಕೂ ಎಂಟರ್ ಒತ್ತಿ. ಬಲ ಮೇಲ್ತುದಿಯಲ್ಲಿ ಡಿಸ್ಕ್ ಆರಿಸಿ. ಡಿಯನ್ನು ಎಡಗಡೆಯಿಂದ ಕುಗ್ಗಿಸಿ, ನಡುವಿನ ರಿಕವರಿಯನ್ನು ಬಲಕ್ಕೆ ಸರಿಸಿ, ಸಿಯನ್ನು ಹಿಗ್ಗಿಸಿ. ಅಲೈನ್ ಎಂಬಲ್ಲಿ ಎಂಐಬಿ ಇರುವುದನ್ನು ಬದಲಿಸಬೇಡಿ. ಇಷ್ಟು ಮಾಡಿದರೂ ಡಿಸ್ಕಿಗೆ ಇನ್ನೂ ಏನೂ ಆಗಿರುವುದಿಲ್ಲ. ಎಲ್ಲವೂ ಕೆಳಗಿನ ಪಟ್ಟಿಯಲ್ಲಿ ಸಾಲಾಗಿ ನಿಂತಿರುತ್ತವೆ, ತಪ್ಪೆನಿಸಿದರೆ ‘ಅನ್‌ಡೂ’ ಮಾಡಬಹುದು. ಹಸಿರು ಟಿಕ್ ಒತ್ತಿದ ಮೇಲೆ ಮಾತ್ರ ಕೆಲಸ ಶುರು, ಆಮೇಲೆ ನಿಲ್ಲಿಸಬಾರದು.

ಪಾರ್ಟಿಷನ್ನಿನ ಬಲ ತುದಿ ಬದಲಿಸುವುದು ಬೇಗ ಆಗುತ್ತದೆ. ಎಡ ತುದಿ ಸರಿದರೆ ಒಳಗಿನ ಡೇಟಾವನ್ನೆಲ್ಲ ಓದಿ ಹೊಸ ಜಾಗಕ್ಕೆ ಬರೆಯಬೇಕು. ಹಾರ್ಡ್ ಡಿಸ್ಕಿನಲ್ಲಿ 500 ಜಿಬಿ ಪಾರ್ಟಿಷನ್ ಸರಿಸಲು ಗಂಟೆಗಟ್ಟಲೆ ಹಿಡಿಯುತ್ತದೆ. ಡಿಯಲ್ಲಿ ಡೇಟಾ ಕಡಿಮೆಯಿದ್ದರೆ ಅದನ್ನು ಹೊರಗೆ ಕಾಪಿ ಮಾಡಿ, ಡಿ ಅಳಿಸಿ, ಮತ್ತೆ ಮಾಡುವುದೇ ಬೇಗ ಮತ್ತು ಕ್ಷೇಮ. ಮುಗಿದ ಮೇಲೆ ಮೊದಲ ಬೂಟ್‌ನಲ್ಲಿ ವಿಂಡೋಸ್ ಡಿಸ್ಕ್ ತಪಾಸಣೆ ಮಾಡುತ್ತದೆ, ತಡೆಯಬೇಡಿ.

ಮಧ್ಯೆ ಕರೆಂಟ್ ಹೋದರೆ?

ಕ್ವಿಕ್ ಫಾರ್ಮ್ಯಾಟ್ ಮಧ್ಯೆ ಹೋದರೆ ಮತ್ತೆ ಮಾಡಿದರಾಯಿತು. ಪಾರ್ಟಿಷನ್ ಸರಿಸುವಾಗ ಹೋದರೆ ಅರ್ಧ ಡೇಟಾ ಹಳೇ ಜಾಗದಲ್ಲಿ, ಅರ್ಧ ಹೊಸ ಜಾಗದಲ್ಲಿ ಉಳಿಯುತ್ತದೆ, ಬ್ಯಾಕಪ್ ಬಿಟ್ಟರೆ ಗತಿಯಿಲ್ಲ. ಡೆಸ್ಕ್‌ಟಾಪ್‌ನ ಸಣ್ಣ ಯುಪಿಎಸ್ ಹತ್ತು ಹದಿನೈದು ನಿಮಿಷಕ್ಕೆ ಸರಿ, ಗಂಟೆಗಟ್ಟಲೆ ಕೆಲಸಕ್ಕೆ ಸಾಲದು. ಮನೆಯ ಇನ್ವರ್ಟರ್ ಇದ್ದರೆ ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಇಡಿ. ಇಕೊ ಮೋಡ್‌ನಲ್ಲಿ ಬದಲಾಗುವ ಆ ಕ್ಷಣಕ್ಕೇ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಬಹುದು. ಬೇಸಿಗೆಯಲ್ಲಿ ಲೋಡ್ ಶೆಡ್ಡಿಂಗ್ ವೇಳೆ ಗೊತ್ತಿದ್ದರೆ ಅದು ಮುಗಿದ ಮೇಲೆಯೇ ಶುರು ಮಾಡಿ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ತುಂಬಿರಲಿ, ಚಾರ್ಜರ್ ಸಹ ಚುಚ್ಚಿರಲಿ.

ಯಾವ ಫೈಲ್ ಸಿಸ್ಟಮ್?

ಫೈಲ್ ಸಿಸ್ಟಮ್ ಎಂದರೆ ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ. ವಿಂಡೋಸ್ ಡಿಸ್ಕ್‌ಗೆ ಎನ್‌ಟಿಎಫ್‌ಎಸ್. ಲಿನಕ್ಸ್‌ಗೆ ಎಕ್ಸ್‌ಟಿ4. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಚುಚ್ಚುವ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಎಕ್ಸ್‌ಫ್ಯಾಟ್; ಆದರೆ ಅದರಲ್ಲಿ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ದಾಖಲೆ) ಇಲ್ಲ, ‘ಇಜೆಕ್ಟ್’ ಮಾಡದೆ ಕಿತ್ತರೆ ಹಾಳಾಗುವುದು ಬೇಗ. ಕಾರು, ಹಳೇ ಟಿವಿ, ಪ್ರಿಂಟರ್‌ಗೆ ಫ್ಯಾಟ್32. ಅದರಲ್ಲಿ 4 ಜಿಬಿ ಮುಟ್ಟಿದ ಫೈಲ್ ಕೂರುವುದಿಲ್ಲ. ಮದುವೆ ವಿಡಿಯೋ ಕಾಪಿ ಆಗದೆ, ಪೆನ್‌ಡ್ರೈವ್‌ನಲ್ಲಿ ಜಾಗ ಇದ್ದರೂ ‘ಫೈಲ್ ಬಹಳ ದೊಡ್ಡದು’ ಎಂದು ಬರುವುದು ಇದರಿಂದಲೇ.

ಕ್ವಿಕ್ ಫಾರ್ಮ್ಯಾಟ್ ಸಾಕೇ? ಹಳೇ ಕಂಪ್ಯೂಟರ್ ಮಾರುವಾಗ?

ಸ್ವಂತ ಬಳಕೆಗೆ ಕ್ವಿಕ್ ಸಾಕು. ಹಳೇ ಹಾರ್ಡ್ ಡಿಸ್ಕಿನ ಆರೋಗ್ಯದ ಮೇಲೆ ಅನುಮಾನ ಇದ್ದರೆ ಫುಲ್ ಮಾಡಿ, ಅದು ಪ್ರತಿ ಸೆಕ್ಟರ್‌ಗೂ ಸೊನ್ನೆ ಬರೆದು ಕೆಟ್ಟ ಜಾಗಗಳನ್ನು ಗುರುತಿಸುತ್ತದೆ.

ಮಾರುವಾಗ ಕ್ವಿಕ್ ಸಾಲದು. ಹಾರ್ಡ್ ಡಿಸ್ಕಿನಲ್ಲಿ ಕ್ವಿಕ್ ಅಳಿಸುವುದು ಫೈಲ್‌ಗಳ ಪಟ್ಟಿಯನ್ನು ಮಾತ್ರ. ಒಳಗಿನ ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ಫೋಟೋ ಎಲ್ಲ ಉಚಿತ ಸಾಧನದಿಂದಲೇ ಎದ್ದು ಬರುತ್ತವೆ. ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಕೊಟ್ಟು ಬರುವ ಮುಂಚೆ ಡಿಸ್ಕ್‌ಪಾರ್ಟ್‌ನಲ್ಲಿ ‘ಕ್ಲೀನ್ ಆಲ್’ ಕೊಡಿ. 1 ಟಿಬಿ ಡಿಸ್ಕಿಗೆ ಎರಡು ಮೂರು ಗಂಟೆ ಬೇಕು, ಪರದೆಯಲ್ಲಿ ಏನೂ ಅಲ್ಲಾಡುವುದಿಲ್ಲ, ನಿಂತುಹೋಗಿದೆ ಎಂದು ಆಫ್ ಮಾಡಬೇಡಿ. ಒಂದು ಸಲ ಸೊನ್ನೆ ಬರೆದರೆ ಸಾಕು, ಏಳೆಂಟು ಸಲ ಬೇಡ.

ಎಸ್‌ಎಸ್‌ಡಿಗೆ ಈ ದಾರಿ ಸರಿಯಲ್ಲ. ಕಂಟ್ರೋಲರ್ ಕೆಲವು ಬ್ಲಾಕ್‌ಗಳನ್ನು ಹೊರಗೆ ಕಾಣದಂತೆ ಇಟ್ಟುಕೊಂಡಿರುತ್ತದೆ, ಅವುಗಳ ಮೇಲೆ ಸೊನ್ನೆ ಬೀಳುವುದಿಲ್ಲ. ಬಯಾಸ್‌ನಲ್ಲಿ ‘ಸೆಕ್ಯೂರ್ ಇರೇಸ್’ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಸಿಸ್ಟಮ್‌ರೆಸ್ಕ್ಯೂನಿಂದ ಬೂಟ್ ಆಗಿ ಎನ್‌ವಿಎಂಇ ಡಿಸ್ಕಿಗೆ ‘ಎನ್‌ವಿಎಂಇ ಫಾರ್ಮ್ಯಾಟ್’ ಕಮಾಂಡನ್ನು ‘--ಎಸ್‌ಇಎಸ್=1’ ಜೊತೆ ಕೊಡಿ.

ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಹಾಕುವಾಗ ಪಾರ್ಟಿಷನ್ ಹೇಗೆ?

ವಿಂಡೋಸ್ ಮೊದಲು, ಲಿನಕ್ಸ್ ಆಮೇಲೆ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಸಿ ಅಥವಾ ಡಿಯನ್ನು 50 ಜಿಬಿಯಷ್ಟು ಕುಗ್ಗಿಸಿ, ಆ ಜಾಗವನ್ನು ಖಾಲಿ ಬಿಡಿ. ಉಬುಂಟುವಿನಲ್ಲಿ ಕೈಯಾರೆ ಪಾರ್ಟಿಷನ್ ಮಾಡುವ ಆಯ್ಕೆ ಹಿಡಿದು ಖಾಲಿ ಜಾಗದಲ್ಲಿ ಎಕ್ಸ್‌ಟಿ4 ಮಾಡಿ, ಮೌಂಟ್ ಪಾಯಿಂಟ್ (ಲಿನಕ್ಸ್‌ನಲ್ಲಿ ಆ ಪಾರ್ಟಿಷನ್ ಕಾಣುವ ಜಾಗ) ‘/’ ಕೊಡಿ. ಇರುವ ಇಎಫ್‌ಐ ಪಾರ್ಟಿಷನ್ನನ್ನೇ ‘/ಬೂಟ್/ಇಎಫ್‌ಐ’ ಎಂದು ತೋರಿಸಿ, ಅದರ ಎದುರಿನ ಫಾರ್ಮ್ಯಾಟ್ ಟಿಕ್ ಮಾತ್ರ ಹಾಕಬೇಡಿ. ಹಾಕಿದರೆ ವಿಂಡೋಸ್ ಬೂಟ್ ಫೈಲ್‌ಗಳು ಅಳಿಸಿಹೋಗುತ್ತವೆ. ಸ್ವಾಪ್‌ಗೆ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಬೇರೆ ಪಾರ್ಟಿಷನ್ ಬೇಕಿಲ್ಲ, ಉಬುಂಟು ಸ್ವಾಪ್ ಫೈಲ್ ತಾನೇ ಮಾಡಿಕೊಳ್ಳುತ್ತದೆ. ‘ಇರೇಸ್ ಡಿಸ್ಕ್’ ಎಂಬ ಆಯ್ಕೆ ಒಂದು ಪಾರ್ಟಿಷನ್ನನ್ನಲ್ಲ, ಇಡೀ ಡಿಸ್ಕನ್ನು ಅಳಿಸುತ್ತದೆ.

ತಪ್ಪು ಪಾರ್ಟಿಷನ್ ಅಳಿಸಿಬಿಟ್ಟೆ. ಈಗ?

ಕೈ ನಿಲ್ಲಿಸಿ. ಹೊಸ ಪಾರ್ಟಿಷನ್ ಮಾಡಬೇಡಿ, ಫಾರ್ಮ್ಯಾಟ್ ಕೊಡಬೇಡಿ, ವಿಂಡೋಸ್ ಹಾಕಬೇಡಿ. ಪಾರ್ಟಿಷನ್ ಅಳಿಸಿದಾಗ ಹೋಗುವುದು ಟೇಬಲಿನ ನಮೂದು, ಡೇಟಾ ಅಲ್ಲೇ ಇರುತ್ತದೆ. ಜಿಪಾರ್ಟೆಡ್ ಲೈವ್‌ನಲ್ಲೂ ಸಿಸ್ಟಮ್‌ರೆಸ್ಕ್ಯೂನಲ್ಲೂ ಅಳಿದ ಪಾರ್ಟಿಷನ್ ಹುಡುಕುವ ಟೆಸ್ಟ್‌ಡಿಸ್ಕ್ ಇದೆ. ಡಿಸ್ಕ್ ಆರಿಸಿ, ‘ಅನಲೈಸ್’, ‘ಕ್ವಿಕ್ ಸರ್ಚ್’ ಕೊಡಿ. ಸಿಕ್ಕಿದ ಪಾರ್ಟಿಷನ್ ಮೇಲೆ ನಿಂತು ‘ಪಿ’ ಒತ್ತಿದರೆ ಒಳಗಿನ ಫೈಲ್‌ಗಳು ಕಾಣಬೇಕು. ಮುಖ್ಯವಾದವನ್ನು ಅಲ್ಲಿಂದಲೇ ‘ಸಿ’ ಒತ್ತಿ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ, ಆಮೇಲೆ ‘ರೈಟ್’ ಕೊಟ್ಟು ರೀಸ್ಟಾರ್ಟ್ ಮಾಡಿ. ಫೈಲ್‌ಗಳು ಕಾಣದಿದ್ದರೆ ‘ರೈಟ್’ ಬೇಡ, ‘ಡೀಪರ್ ಸರ್ಚ್’ ನೋಡಿ. ಅದೂ ಆಗದಿದ್ದರೆ ಫೈಲ್‌ಗಳನ್ನು ಮಾತ್ರ ಹೆಕ್ಕುವ ಫೋಟೋರೆಕ್. ಅದರಲ್ಲಿ ಫೈಲ್ ಹೆಸರು, ಫೋಲ್ಡರ್ ಉಳಿಯುವುದಿಲ್ಲ.

ಎಸ್‌ಎಸ್‌ಡಿಯಲ್ಲಿ ಫಾರ್ಮ್ಯಾಟ್ ಆಗಿಹೋಗಿದ್ದರೆ ಆಸೆ ಕಡಿಮೆ. ವಿಂಡೋಸ್ ಕೂಡಲೇ ಈ ಬ್ಲಾಕ್‌ಗಳು ಇನ್ನು ಬೇಡ ಎಂಬ ಟ್ರಿಮ್ ಸಂದೇಶ ಕಳಿಸುತ್ತದೆ, ಎಸ್‌ಎಸ್‌ಡಿ ಆ ಬ್ಲಾಕ್‌ಗಳನ್ನು ಖಾಲಿ ಮಾಡಿಬಿಡುತ್ತದೆ.

ಫಾರ್ಮ್ಯಾಟ್ ಅರ್ಧದಲ್ಲಿ ನಿಲ್ಲುತ್ತದೆ, ಐ/ಒ ಎರರ್ ಬರುತ್ತದೆ.

ಡಿಸ್ಕಿನ ಸ್ಮಾರ್ಟ್ ವಿವರ (ಡಿಸ್ಕ್ ತಾನೇ ದಾಖಲಿಸಿಕೊಳ್ಳುವ ಆರೋಗ್ಯದ ಲೆಕ್ಕ) ನೋಡಿ. ಸಿಸ್ಟಮ್‌ರೆಸ್ಕ್ಯೂನಲ್ಲಿ ‘ಸ್ಮಾರ್ಟ್‌ಸಿಟಿಎಲ್ -ಎ’ ಮತ್ತು ಡಿಸ್ಕ್ ಹೆಸರು. ಹಾರ್ಡ್ ಡಿಸ್ಕಿನಲ್ಲಿ ಕೆಟ್ಟ ಸೆಕ್ಟರ್‌ಗಳ ಲೆಕ್ಕ ಹೇಳುವ 5, 197, 198 ಈ ಮೂರು ಸಾಲುಗಳ ಕೊನೆಯ ಅಂಕಿ ಸೊನ್ನೆ ಇರಬೇಕು. ಏರುತ್ತಾ ಹೋಗುತ್ತಿದ್ದರೆ ಡಿಸ್ಕ್ ಮುಗಿಯುತ್ತಾ ಬಂದಿದೆ. ಮತ್ತೆ ಮತ್ತೆ ಫಾರ್ಮ್ಯಾಟ್ ಮಾಡಿ ಅದನ್ನು ಬದುಕಿಸಲಾಗದು. ಒಳಗೆ ಬೇಕಾದ ಡೇಟಾ ಇದ್ದರೆ ಫಾರ್ಮ್ಯಾಟ್‌ಗೆ ಮೊದಲು ಡಿಡಿರೆಸ್ಕ್ಯೂನಿಂದ ಬೇರೆ ಡಿಸ್ಕಿಗೆ ಇಳಿಸಿಕೊಳ್ಳಿ. 199ನೇ ಸಾಲು ಮಾತ್ರ ಏರಿದ್ದರೆ ಸಾಮಾನ್ಯವಾಗಿ ದೋಷ ಡಿಸ್ಕಿನದಲ್ಲ, ಸಾಟಾ ಕೇಬಲಿನದು. ಕೇಬಲ್ ಬದಲಿಸಿ ನೋಡಿ.

ಹಳೇ ಕಂಪ್ಯೂಟರ್‌ಗೆ ಎಕ್ಸ್‌ಪಿ ಅಥವಾ ವಿಂಡೋಸ್ 7 ಡಿವಿಡಿ ಹಾಕಿದರೆ ಹಾರ್ಡ್ ಡಿಸ್ಕ್ ಇಲ್ಲ ಎನ್ನುತ್ತದೆ.

ಹಳೇ ಲೇತ್, ಲ್ಯಾಬ್ ಯಂತ್ರಗಳಿಗೆ ಜೋಡಿಸಿದ ಕಂಪ್ಯೂಟರ್‌ಗಳಲ್ಲಿ ಇದು ಇನ್ನೂ ಬರುತ್ತದೆ. ಎಕ್ಸ್‌ಪಿ ಸಿಡಿಯಲ್ಲಿ ಎಎಚ್‌ಸಿಐ (ಸಾಟಾ ಡಿಸ್ಕಿನ ಈಚಿನ ಮೋಡ್) ಡ್ರೈವರ್ ಇಲ್ಲ, ಬಯಾಸ್‌ನಲ್ಲಿ ಸಾಟಾ ಮೋಡನ್ನು ಐಡಿಇಗೆ ಬದಲಿಸಿ. ಆಮೇಲೆ ಅದನ್ನು ಹಿಂದಕ್ಕೆ ತಿರುಗಿಸಿದರೆ 7ಬಿ ನೀಲಿ ಪರದೆ ಬರುತ್ತದೆ. ಸರ್ವಿಸ್ ಪ್ಯಾಕ್ ಇಲ್ಲದ ಮೂಲ ಎಕ್ಸ್‌ಪಿ ಸಿಡಿಗೆ 137 ಜಿಬಿ ಆಚೆ ಕಾಣುವುದಿಲ್ಲ. ವಿಂಡೋಸ್ 7 ಡಿವಿಡಿಯಲ್ಲಿ ಯುಎಸ್‌ಬಿ 3 ಮತ್ತು ಎನ್‌ವಿಎಂಇ ಡ್ರೈವರ್‌ಗಳಿಲ್ಲ. ಇಂಟೆಲ್ 6ನೇ ಪೀಳಿಗೆಯ ಬೋರ್ಡ್‌ನಲ್ಲಿ ಸೆಟಪ್ ಬಂದ ಕೂಡಲೇ ಯುಎಸ್‌ಬಿ ಕೀಬೋರ್ಡ್, ಮೌಸ್ ನಿಂತುಹೋಗಬಹುದು. ಪಿಎಸ್2 ಕೀಬೋರ್ಡ್ ಒಂದನ್ನು ಕೈಯಲ್ಲಿಟ್ಟುಕೊಳ್ಳಿ. ಎರಡಕ್ಕೂ ಭದ್ರತಾ ಅಪ್‌ಡೇಟ್ ನಿಂತಿದೆ, ಎಕ್ಸ್‌ಪಿಗೆ 2014ರಲ್ಲಿ, 7ಕ್ಕೆ 2020ರಲ್ಲಿ. ಇಂಥ ಮೆಷಿನ್ನನ್ನು ಇಂಟರ್‌ನೆಟ್‌ಗೆ ಜೋಡಿಸಬೇಡಿ.

ಕೆಲಸ ಮುಗಿಯಿತು. 32 ಜಿಬಿ ಪೆನ್‌ಡ್ರೈವ್ ಈಗ ಕೆಲವೇ ಎಂಬಿ ತೋರಿಸುತ್ತಿದೆ.

ಲಿನಕ್ಸ್ ಇಮೇಜ್ ಬರೆದಾಗ ಅದರ ಪಾರ್ಟಿಷನ್ ಟೇಬಲೇ ಪೆನ್‌ಡ್ರೈವ್‌ಗೆ ಬಂದಿರುತ್ತದೆ, ವಿಂಡೋಸ್‌ಗೆ ಅದರಲ್ಲಿ ಒಂದು ಚಿಕ್ಕ ಭಾಗ ಮಾತ್ರ ಅರ್ಥವಾಗುತ್ತದೆ. ಡಿಸ್ಕ್‌ಪಾರ್ಟ್‌ನಲ್ಲಿ ಪೆನ್‌ಡ್ರೈವ್ ಆರಿಸಿ, ಗಾತ್ರ 29 ಜಿಬಿ ಆಸುಪಾಸು ಇದೆಯೇ ನೋಡಿ, ‘ಕ್ಲೀನ್’, ‘ಕನ್ವರ್ಟ್ ಎಂಬಿಆರ್’, ‘ಕ್ರಿಯೇಟ್ ಪಾರ್ಟಿಷನ್ ಪ್ರೈಮರಿ’, ‘ಫಾರ್ಮ್ಯಾಟ್ ಎಫ್‌ಎಸ್=ಎಕ್ಸ್‌ಫ್ಯಾಟ್ ಕ್ವಿಕ್’, ‘ಅಸೈನ್’ ಕೊಡಿ. ಪೂರ್ತಿ ಜಾಗ ವಾಪಸ್ ಬರುತ್ತದೆ. ‘ರೈಟ್ ಪ್ರೊಟೆಕ್ಟೆಡ್’ ಎಂದು ತಡೆದರೆ ‘ಆ್ಯಟ್ರಿಬ್ಯೂಟ್ಸ್ ಡಿಸ್ಕ್ ಕ್ಲಿಯರ್ ರೀಡ್‌ಓನ್ಲಿ’ ಕೊಟ್ಟು ನೋಡಿ. ಆಗಲೂ ಬಿಡದಿದ್ದರೆ ಅದರೊಳಗಿನ ಚಿಪ್ ಕೆಟ್ಟು ಓದಲು ಮಾತ್ರ ಎಂಬ ಸ್ಥಿತಿಗೆ ಹೋಗಿರುವುದೇ ಹೆಚ್ಚು. ಒಳಗಿರುವುದನ್ನು ಕಾಪಿ ಮಾಡಿಕೊಂಡು ಹೊಸದು ತನ್ನಿ.